ಕೋಲು ಲೆಕ್ಕದ ಕೆಲಸ



ದತ್ತಿ ಉಪನ್ಯಾಸ ಎಂಬ ಏರ್ಪಾಡಿನ ಮೇಲೆ ನನಗೊಂದು ಪ್ರೀತಿಯಿದೆ. ಯಾರೋ ಒಬ್ಬರು ತೀರಿಹೋದ ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಒಂದು ಮೊತ್ತವನ್ನು ಠೇವಣಿ ಇಡುತ್ತಾರೆ. ಮೂಲಧನವನ್ನು ಮುಟ್ಟುವಂತಿಲ್ಲ. ಬರುವ ಬಡ್ಡಿಯೋ, ಒಂದು ಹಾರ, ಒಂದು ಶಾಲು, ಚಹಾ, ಉಪನ್ಯಾಸಕನ ಬಸ್ಸಿನ ಖರ್ಚು ಇಷ್ಟಕ್ಕೆ ಸಾಕೋ ಸಾಲದೋ ಎನ್ನುವಷ್ಟು. ಆದರೂ ವರ್ಷಕ್ಕೊಮ್ಮೆ ಸಭೆ ಸೇರುತ್ತದೆ. ಉತ್ಸಾಹ ಇದ್ದ ವರ್ಷವೂ ಸೇರುತ್ತದೆ, ಇಲ್ಲದ ವರ್ಷವೂ ಸೇರುತ್ತದೆ. ಬಡ್ಡಿ ಖಾತೆಗೆ ಬಿದ್ದಿರುತ್ತದೆ, ದಾನಿಗಳ ಮನೆಯವರು ಈ ಸಲ ಯಾವಾಗ ಎಂದು ಕೇಳುತ್ತಾರೆ, ಕಾರ್ಯದರ್ಶಿಗಳು ಲೆಕ್ಕಪತ್ರದಲ್ಲಿ ಖರ್ಚು ತೋರಿಸಲೇಬೇಕು. ಊರಿನಲ್ಲಿ ಭಾರೀ ಆವೇಶದಿಂದ ಹುಟ್ಟಿ ಮೂರನೆಯ ವರ್ಷಕ್ಕೆ ಮುಚ್ಚಿಹೋದ ಸಂಘಗಳು ಎಷ್ಟಿಲ್ಲ? ಯಾರ ಆವೇಶವನ್ನೂ ನೆಚ್ಚಿಕೊಳ್ಳದ ದತ್ತಿ ಮಾತ್ರ ನಡೆಯುತ್ತಲೇ ಇರುತ್ತದೆ. ಇವತ್ತು ನನಗೆ ಕೊಟ್ಟ ವಿಷಯ, ದಿನನಿತ್ಯದ ಸಣ್ಣ ಬದಲಾವಣೆಗಳಿಂದ ಒಳ್ಳೆಯ ರೂಢಿ ಬೆಳೆಸುವುದು. ಆ ವಿಷಯದಲ್ಲಿ ನಾನು ಹೇಳಬೇಕೆಂದಿರುವ ಮಾತು ಈ ಸಭೆಯ ಏರ್ಪಾಡಿನಲ್ಲೇ ಇದೆ. ಸಣ್ಣದಾಗಿದ್ದ ಮಾತ್ರಕ್ಕೆ ಯಾವ ಕೆಲಸವೂ ರೂಢಿಯಾಗಿ ನಿಲ್ಲುವುದಿಲ್ಲ. ನಮ್ಮ ಮನಸ್ಸಿನ ಹೊರಗೆ ಇರುವ ಯಾವುದೋ ಒಂದು, ಮಳೆಯೋ ಬೆಳೆಯೋ ನೆರೆಮನೆಯವರೋ, ಆ ಕೆಲಸಕ್ಕಾಗಿ ಕಾಯುತ್ತಿರಬೇಕು.

ಪುಸ್ತಕದಂಗಡಿಯಲ್ಲಿ ಈಗ ಈ ವಿಷಯದ ಪುಸ್ತಕಗಳಿಗೆ ಬರವಿಲ್ಲ. ಅಮೆರಿಕದ ಜೇಮ್ಸ್ ಕ್ಲಿಯರ್ ಅವರ 'ಅಟಾಮಿಕ್ ಹ್ಯಾಬಿಟ್ಸ್' 2018ರಲ್ಲಿ ಬಂತು, ಮರುವರ್ಷ ಬಿ.ಜೆ. ಫಾಗ್ ಅವರ 'ಟೈನಿ ಹ್ಯಾಬಿಟ್ಸ್'. ಎರಡರಲ್ಲೂ ಉಪಯೋಗಕ್ಕೆ ಬರುವ ಮಾತುಗಳಿವೆ. ಆದರೆ ನಮ್ಮ ಶಾಲೆಯ ಗೋಡೆಗಳಿಗೂ ವಾಟ್ಸಾಪಿಗೂ ಅಂಟಿಕೊಂಡಿರುವುದು ಅವುಗಳಿಗಿಂತ ಹಳೆಯದೊಂದು ಮಾತು: ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬುದು. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ಕನ್ನಡಿಯಲ್ಲಿನ ಹೊಸ ಮುಖ ತಮ್ಮದೇ ಎನಿಸಲು ಕಡಿಮೆಯೆಂದರೂ ಇಪ್ಪತ್ತೊಂದು ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಕಾಲ ಕಳೆದಂತೆ 'ಕಡಿಮೆಯೆಂದರೂ' ಉದುರಿಹೋಯಿತು, ಮುಖವೂ ಮರೆತುಹೋಯಿತು, ಅಂಕಿ ಮಾತ್ರ ಉಳಿಯಿತು.

ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. ಅವರ ಲೇಖನ 2010ರಲ್ಲಿ ಅಚ್ಚಾಯಿತು. 96 ಮಂದಿ ಒಬ್ಬೊಬ್ಬರೂ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು, ದಿನದಲ್ಲಿ ಈಗಾಗಲೇ ನಡೆಯುವ ಯಾವುದಾದರೂ ಒಂದು ಹೊತ್ತಿಗೆ ಅದನ್ನು ಕಟ್ಟಿಹಾಕಿ ಹನ್ನೆರಡು ವಾರ ಮಾಡಿದರು. ಮಧ್ಯಾಹ್ನದ ಊಟದ ಜೊತೆ ನೀರು ಕುಡಿಯುವುದು, ಸಂಜೆಯ ಊಟಕ್ಕೆ ಮೊದಲು ಸ್ವಲ್ಪ ಓಡುವುದು, ಇಂಥವು. ಯೋಚಿಸದೆ ತಾನಾಗಿ ಆಗುವ ಹಂತ ತಲುಪಲು ಬೇಕಾದದ್ದು ಸರಾಸರಿ 66 ದಿನ. ಆದರೆ ಸರಾಸರಿಯನ್ನು ನಂಬಬೇಡಿ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು ಎಂದು ಲೆಕ್ಕ ತೋರಿಸಿತು. ಅಧ್ಯಯನ ನಡೆದದ್ದೇ 84 ದಿನವಾದ್ದರಿಂದ ಈ 254 ಎಂಬುದು ಗೆರೆಯನ್ನು ಮುಂದಕ್ಕೆ ಎಳೆದು ಕಂಡುಕೊಂಡ ಅಂಕಿ. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲ ಎಂದು ಅವರು ಕಂಡರು. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಬಿಟ್ಟುಬಿಡುವವರೇ ನಮ್ಮಲ್ಲಿ ಹೆಚ್ಚು. ಏಕಾದಶಿ ಉಪವಾಸಕ್ಕೂ ಇದೇ ಗತಿ, ಸಕ್ಕರೆ ಕಾಯಿಲೆಯವರ ಬೆಳಗಿನ ನಡಿಗೆಗೂ ಇದೇ ಗತಿ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಆ ಪುಸ್ತಕಗಳ ಬಗ್ಗೆ ನನ್ನದೊಂದು ತಕರಾರಿದೆ. ಅವುಗಳಲ್ಲಿ ಬರುವ ಮನುಷ್ಯ ಹೆಚ್ಚಾಗಿ ಒಬ್ಬನೇ. ಅವನಿಗೊಂದು ಕೋಣೆ, ಒಂದು ಗಡಿಯಾರ, ಒಂದು ಡೈರಿ. ಹೊರಗೆ ಮಳೆ ಬಂತೇ ಇಲ್ಲವೇ ಎಂಬುದು ಅವನಿಗೆ ಸಂಬಂಧಿಸಿದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಹಾಗೆ ಬದುಕಿದವರು ಕಡಿಮೆ. ತಲೆಮಾರುಗಳ ಕಾಲ ಉಳಿದ ರೂಢಿಗಳು ಬೇಕೆಂದರೆ ಗುಡ್ಡೆಯ ಒಳಗೂ ತೋಡಿನ ನೀರಲ್ಲೂ ಹುಡುಕಬೇಕು. ಅಲ್ಲಿಗೆ ಹೋಗೋಣ.

ಹನ್ನೆರಡು ಹೊಳೆಗಳ ಜಿಲ್ಲೆ ಕಾಸರಗೋಡು. ಮಳೆಗಾಲದಲ್ಲಿ ಸುರಿಯುವ ನೀರಿಗೆ ಲೆಕ್ಕವಿಲ್ಲ. ಮಾರ್ಚ್ ಬಂತೆಂದರೆ ಕೊಡ ಹಿಡಿದು ಕಾಯುವವರಿಗೂ ಲೆಕ್ಕವಿಲ್ಲ. ಮುರಕಲ್ಲಿನ ಗುಡ್ಡೆಗಳು ನೀರನ್ನು ಕುಡಿದು ಒಳಗೆಲ್ಲೋ ಇಟ್ಟುಕೊಂಡಿರುತ್ತವೆ. ಆ ನೀರಿಗಾಗಿ ನಮ್ಮ ಹಿರಿಯರು ಕೆಳಕ್ಕೆ ಅಗೆಯದೆ ಅಡ್ಡಕ್ಕೆ ಅಗೆದರು. ಅದೇ ಸುರಂಗ. ಬಾಯಾರು, ಶೇಣಿ, ಪೆರ್ಲದ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಸಮುದ್ರದ ಬದಿಯಿಂದ ಬಂದವರೂ ಇಲ್ಲಿರಬಹುದು. ಒಬ್ಬ ಮನುಷ್ಯ ತೂರಿ ಹೋಗುವಷ್ಟು ಅಗಲ, ಸ್ವಲ್ಪ ಬಾಗಿ ನಡೆಯುವಷ್ಟು ಎತ್ತರ. ನೀರು ತಾನಾಗಿ ಹರಿದು ಹೊರಬರುವಂತೆ ನೆಲಕ್ಕೆ ಅಷ್ಟೇ ಅಷ್ಟು ಇಳಿಜಾರು. ಪಂಪು ಬೇಡ, ಕರೆಂಟು ಬೇಡ. ಒಳಗೆ ಒಬ್ಬ ಪಿಕ್ಕಾಸಿನಿಂದ ಕಡಿಯುತ್ತಾನೆ, ಇನ್ನೊಬ್ಬ ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ಉರಿಯುವ ಮೇಣದಬತ್ತಿಯೋ ದೀಪವೋ ಜೊತೆಗಿರಬೇಕು. ಅದು ಆರಿದರೆ ಒಳಗೆ ಗಾಳಿ ಸಾಲದು ಎಂದು ಅರ್ಥ, ತಡಮಾಡದೆ ಹೊರಗೆ ಬರಬೇಕು. ಕೆಲಸದ ಅಳತೆ ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಇಷ್ಟು ಕೋಲಿಗೆ ನೀರು ಸಿಕ್ಕಿತು, ಅಷ್ಟು ಕೋಲಾದರೂ ಸಿಗಲಿಲ್ಲ ಎಂದೇ ಹಳಬರು ಮಾತಾಡುವುದು.

ಬೇಡಡ್ಕ ಪಂಚಾಯತಿನ ಕುಂಡಂಕುಳಿಯ ಕುಂಞಂಬು ಅವರು ಹುಡುಗನಾಗಿದ್ದಾಗಲೇ ಈ ಕೆಲಸಕ್ಕೆ ಇಳಿದು ಸಾವಿರಕ್ಕೂ ಹೆಚ್ಚು ಸುರಂಗ ತೋಡಿದವರು. ಗಡಿಯಾಚೆ, ಪೆರ್ಲದಿಂದ ಹೆಚ್ಚು ದೂರವಿಲ್ಲದ ಅಡ್ಯನಡ್ಕದ ಬಳಿ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ನಿಮಗೆಲ್ಲ ಗೊತ್ತು. 2022ರಲ್ಲಿ ಪದ್ಮಶ್ರೀ ಬಂದ ಮೇಲೆ ದೇಶಕ್ಕೇ ಗೊತ್ತಾಯಿತು. ಅಡಿಕೆ, ತೆಂಗಿನ ಮರ ಹತ್ತುವುದರಲ್ಲಿ ನುರಿತ ಕೂಲಿಯವರು. 1978ರ ಸುಮಾರಿಗೆ ಜಮೀನಿನ ಒಡೆಯರಾದ ಮಹಾಬಲ ಭಟ್ಟರು ಅವರಿಗೆ ಗುಡ್ಡೆಯಲ್ಲಿ ಎರಡು ಎಕರೆ ಜಾಗ ಕೊಟ್ಟರು. ಜಾಗ ಬೋಳು, ಇಳಿಜಾರು, ನೀರಿನ ಸುಳಿವಿಲ್ಲ. ಹಗಲು ಇನ್ನೊಬ್ಬರ ತೋಟದ ಕೆಲಸ. ಅದು ಮುಗಿಸಿ ಬಂದ ಮೇಲೆ ತನ್ನ ಗುಡ್ಡೆಯಲ್ಲಿ, ಎಣ್ಣೆ ದೀಪದ ಬೆಳಕಿನಲ್ಲಿ, ಒಬ್ಬರೇ ಸುರಂಗ ತೋಡುವುದು. ಒಂದು ಒಣಗಿಯೇ ಉಳಿಯಿತು, ಮತ್ತೊಂದು ಬದಿಯಲ್ಲಿ ತೋಡಿದರು, ಅದೂ ಒಣ. ಹೀಗೆ ನಾಲ್ಕಾರು ಸುರಂಗ ವ್ಯರ್ಥವಾಗಿ ವರ್ಷಗಳೇ ಉರುಳಿದವು. ನೋಡಿದವರು ನಕ್ಕರು. ಕೊನೆಗೆ ನೀರು ಬಂತು. ಆಮೇಲೆ ಆ ಇಳಿಜಾರಿನಲ್ಲಿ ಅಡಿಕೆ, ತೆಂಗು, ಬಾಳೆ ಎದ್ದು ನಿಂತದ್ದನ್ನು ನೋಡಲು ಜನ ಹುಡುಕಿಕೊಂಡು ಬರತೊಡಗಿದರು. ಈ ಕಥೆ ಹೊರಗಿನವರಿಗೆ ತಲುಪಿದ್ದರಲ್ಲಿ ನಮ್ಮ ಜಿಲ್ಲೆಯ ವಾಣೀನಗರದ ಶ್ರೀಪಡ್ರೆಯವರ ಬರವಣಿಗೆಯ ಪಾಲು ದೊಡ್ಡದು.

ಈ ಕಥೆಯನ್ನು ಶಾಲೆಗಳಲ್ಲಿ 'ಛಲವೊಂದಿದ್ದರೆ ಸಾಕು' ಎಂಬ ನೀತಿಗೆ ಉದಾಹರಣೆಯಾಗಿ ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಮನುಷ್ಯನಿಗೆ ಛಲವಿತ್ತು, ಸರಿ. ಆದರೆ ಬೇರೆ ದಾರಿ ಇತ್ತೇ? ನೀರಿಲ್ಲದಿದ್ದರೆ ಆ ಎರಡು ಎಕರೆ ಎರಡು ಎಕರೆಯೇ ಅಲ್ಲ. ಪ್ರತಿ ಸಂಜೆ ಪಿಕ್ಕಾಸು ಕೈಗೆತ್ತಿಕೊಳ್ಳುವಂತೆ ಮಾಡುತ್ತಿದ್ದದ್ದು ಆ ಒಣ ನೆಲ. ಜೊತೆಗೆ ಒಂದು ಸಂಜೆಯ ಕೆಲಸ ಎಷ್ಟೆಂಬುದಕ್ಕೆ ಕಣ್ಣಿಗೆ ಕಾಣುವ ಅಳತೆಯಿತ್ತು. ನಿನ್ನೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಇವತ್ತು ಇಷ್ಟು ಗೇಣು ಮುಂದೆ. ನೀರು ಸಿಗಲಿ ಬಿಡಲಿ, ಇಷ್ಟು ಗೇಣು ಎಂಬುದು ಸುಳ್ಳಾಗುವುದಿಲ್ಲ. ನಳ್ಳಿ ತಿರುಗಿಸಿ ನೀರು ಹಿಡಿಯುವ ನಾವು ಈ ಬಡತನವನ್ನು ಅಲಂಕಾರ ಮಾಡಿ ಪಾಠ ಕಲಿಯುವುದು ಬೇಡ. ಕೆಲಸವನ್ನು ಕೋಲು ಕೋಲಾಗಿ ಅಳೆಯುವ ಆ ಕ್ರಮವನ್ನು ಮಾತ್ರ ತೆಗೆದುಕೊಳ್ಳಬಹುದು.

ಇನ್ನು ಕಟ್ಟದ ಮಾತು. ಮಳೆಗಾಲ ಮುಗಿದು ತೋಡಿನ ನೀರಿನ ರಭಸ ಇಳಿಯುತ್ತಿದ್ದಂತೆ, ಡಿಸೆಂಬರಿನ ಹೊತ್ತಿಗೆ, ಕಲ್ಲು ಮಣ್ಣುಗಳಿಂದ ತೋಡಿಗೆ ಅಡ್ಡವಾಗಿ ತಾತ್ಕಾಲಿಕ ಕಟ್ಟ ಕಟ್ಟುವುದು ನಮ್ಮ ಕಡೆಯ ಹಳೆಯ ಕ್ರಮ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಒಂದರ ಕೆಳಗೊಂದು ಕಟ್ಟಗಳ ಸಾಲೇ ಇದ್ದು ಅದು ನಾಡಿಗೆಲ್ಲ ಮಾದರಿಯೆನಿಸಿತು. ಕಟ್ಟ ನಿಂತರೆ ನೀರು ನಿಲ್ಲುತ್ತದೆ. ನೀರು ನಿಂತರೆ ಎರಡೂ ಬದಿಯ ಕೆರೆ ಬಾವಿಗಳಲ್ಲಿ ಒರತೆ ಉಳಿಯುತ್ತದೆ. ಮೇಲಿನ ಕಟ್ಟದ ಸೋರಿಕೆ ಕೆಳಗಿನ ಕಟ್ಟಕ್ಕೆ ಸಿಗುತ್ತದೆ. ಮುಂದಿನ ಮಳೆಗಾಲದ ಮೊದಲ ನೆರೆಗೆ ಇಡೀ ಕಟ್ಟ ಕೊಚ್ಚಿಹೋಗುತ್ತದೆ. ಮತ್ತೆ ಡಿಸೆಂಬರಿನಲ್ಲಿ ಕಟ್ಟಬೇಕು.

ಒಂದೇ ವರ್ಷ ಬಾಳುವ ಕಟ್ಟವನ್ನು ಇಷ್ಟು ತಲೆಮಾರು ಕಟ್ಟಿಕೊಂಡು ಬಂದದ್ದು ಮೂರ್ಖತನವೆಂದು ಇಂಜಿನಿಯರುಗಳಿಗೆ ಕಾಣಬಹುದು. ನನಗೆ ಅದು ಕೊಚ್ಚಿಹೋಗುತ್ತಿದ್ದದ್ದೇ ಒಳ್ಳೆಯದಾಯಿತೆನಿಸುತ್ತದೆ. ಕೊಚ್ಚಿಹೋದದ್ದರಿಂದ ಪ್ರತಿವರ್ಷ ನಾಲ್ಕು ಮನೆಯವರು ಒಟ್ಟಾಗಬೇಕಾಯಿತು. ಯಾರ ಗದ್ದೆಯಿಂದ ಮಣ್ಣು, ಯಾರ ಗುಡ್ಡೆಯಿಂದ ಕಲ್ಲು, ಎಷ್ಟು ಆಳು ಯಾರ ಮನೆಯಿಂದ ಎಂಬ ಮಾತುಕತೆ, ಸಣ್ಣ ಜಗಳ, ಗಂಜಿ ಊಟ ಇವೆಲ್ಲ ನಡೆಯಬೇಕಾಯಿತು. ಅದೇ ತೋಡುಗಳಿಗೆ ಸರಕಾರ ಅಲ್ಲಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕಟ್ಟಿಸಿತು. ಕಾಂಕ್ರೀಟು ಗಟ್ಟಿಯೇ. ಆದರೆ ಕಿಂಡಿಗೆ ಹಲಗೆ ಇಡಬೇಕಾದವರು ಯಾರು, ಯಾವಾಗ? ಹಲಗೆಯಿಲ್ಲದೆ ನೀರು ಬಿಟ್ಟು ಬಿಸಿಲು ನೋಡುತ್ತ ನಿಂತ ಕಿಂಡಿ ಅಣೆಕಟ್ಟುಗಳನ್ನು ನೀವೂ ನೋಡಿದ್ದೀರಿ. ಅಣೆಕಟ್ಟು ಬೇಡವೆನ್ನುವುದು ನನ್ನ ವಾದವಲ್ಲ. ಹಲಗೆ ಇಡುವ ದಿನವೊಂದು ಊರಿನ ಪಂಚಾಂಗದಲ್ಲಿ ಬೀಳದಿದ್ದರೆ ಅದು ನೆನಪಾಗುವುದು ಬಾವಿ ಬತ್ತಿದ ಮೇಲೆಯೇ.

ಕಟ್ಟಗಳು ಕಡಿಮೆಯಾದದ್ದು ಯಾಕೆ ಎಂದು ಕೇಳಿದರೆ ಜನ ಸೋಮಾರಿಗಳಾದರು, ಒಗ್ಗಟ್ಟಿಲ್ಲ ಎಂದು ಥಟ್ಟನೆ ಉತ್ತರ ಬರುತ್ತದೆ. ನಾನು ಅದನ್ನು ತಿರುಗಿಸಿ ನೋಡುತ್ತೇನೆ. ಕೊಳವೆಬಾವಿ ಬಂತು. ಪ್ರತಿ ಮನೆಗೂ ತನ್ನದೇ ನೀರಾಯಿತು, ತನ್ನದೇ ಮೋಟಾರಾಯಿತು. ಆಮೇಲೆ ಮೇಲಿನ ಮನೆಯವರು ಕಟ್ಟಕ್ಕೆ ಬಾರದಿದ್ದರೆ ಕೆಳಗಿನ ಮನೆಯವರಿಗೆ ನಷ್ಟವಾಗುವುದು ನಿಂತಿತು, ಅಥವಾ ನಿಂತಂತೆ ಕಂಡಿತು. ಯಾರಿಗಾಗಿ ಯಾರೂ ಕಾಯಬೇಕಾಗಿಲ್ಲ ಎಂದಾದ ಮೇಲೆ ಆ ಡಿಸೆಂಬರಿನ ಕೆಲಸ ಕೆಲವೇ ವರ್ಷಗಳಲ್ಲಿ ಬಿಟ್ಟುಹೋಯಿತು. ಜನರ ಗುಣ ಬದಲಾಗಲು ಅಷ್ಟು ಬೇಗ ಸಾಧ್ಯವಿಲ್ಲ. ಬದಲಾದದ್ದು ಅವರನ್ನು ಕಟ್ಟಿಹಾಕಿದ್ದ ಹಗ್ಗ. ಈಗ ಕೊಳವೆಬಾವಿಗಳೇ ಬತ್ತತೊಡಗಿದ ಕಡೆಗಳಲ್ಲಿ ಕಟ್ಟ ಮತ್ತೆ ಎದ್ದಿರುವುದನ್ನು ನೋಡಿದರೆ ನನ್ನ ಊಹೆ ಪೂರ್ತಿ ತಪ್ಪಲ್ಲ ಎನಿಸುತ್ತದೆ.

ಪೀಟರ್ ಗೋಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರ ಒಂದು ಲೇಖನದಲ್ಲಿ ಹೇಳಿದ ಮಾತು ಈಗ ಬಹಳ ಪ್ರಸಿದ್ಧ. 'ಇನ್ನು ಮೇಲೆ ಹೀಗೆ ಮಾಡುತ್ತೇನೆ' ಎಂದುಕೊಳ್ಳುವವರಿಗಿಂತ 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಳ್ಳುವವರು ಹಿಡಿದ ಕೆಲಸವನ್ನು ಹೆಚ್ಚಾಗಿ ಮುಗಿಸುತ್ತಾರೆ. ತುಳುನಾಡಿನ ಬೇಸಾಯಗಾರರ ಮುಂದೆ ಇದನ್ನು ಹೇಳಿದರೆ ಅವರು ಇದರಲ್ಲೇನಿದೆ ಎಂದು ಕೇಳಿಯಾರು. ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಕೆಡ್ಡಸ ಬಂದರೆ ಮೂರು ದಿನ ನೆಲ ಅಗೆಯುವಂತಿಲ್ಲ. ಆಟಿ ಅಮಾವಾಸ್ಯೆಗೆ ಬೆಳಗಿನ ಜಾವ ಹಾಲೆ ಮರದ ಕೆತ್ತೆಯ ಕಷಾಯ. ಎಷ್ಟು ಕಹಿಯಾದರೂ ಕುಡಿಯಲೇಬೇಕು. ಅಡಿಕೆ ತೋಟದವರು ಮಳೆ ಹಿಡಿಯುವ ಮುಂಚೆ ಮೊದಲ ಮದ್ದು ಬಿಡುತ್ತಾರೆ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಈ ವರ್ಷ ಬೋರ್ಡೋ ದ್ರಾವಣ ಬಿಡಬೇಕೆಂದು ಯಾವ ಕೃಷಿಕನೂ ಜನವರಿ ಒಂದಕ್ಕೆ ಸಂಕಲ್ಪ ಮಾಡಿದ್ದನ್ನು ನಾನು ಕಾಣೆ. ಕೊಳೆರೋಗ ತಾನೇ ಅವನಿಗೆ ಗಡಿಯಾರ.

ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರ ವಿಷಯ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಬೆಳ್ಳೂರು ಪಂಚಾಯತಿನ ಈ ಕೃಷಿಕರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಶುರುವಾದದ್ದು 'ರಾಜಕಯಮೆ' ಎಂಬ ಒಂದು ತಳಿಯಿಂದ. ಆರುನೂರೈವತ್ತು ತಳಿ ಎಂದರೆ ನೂರಾರು ಎಕರೆ ಬಯಲು ಇರಬೇಕೆಂದುಕೊಳ್ಳುವವರೇ ಹೆಚ್ಚು. ಅವರಲ್ಲಿರುವುದು ಸಣ್ಣ ಹಿಡುವಳಿ. ಕಾಗದದ ಕಪ್ಪಿನಲ್ಲಿ ಮಣ್ಣು ತುಂಬಿ ಬೀಜ ಮೊಳಕೆ ಬರಿಸಿ, ಸಸಿಯನ್ನು ಆಮೇಲೆ ಗ್ರೋ ಬ್ಯಾಗಿಗೆ ಸ್ಥಳಾಂತರಿಸಿ, ತಳಿಗೆ ತಳಿ ಬೆರೆಯದಂತೆ ಹೆಸರು ಬರೆದಿಟ್ಟು ಬೆಳೆಸುವ ಕ್ರಮ ಅವರದು. ಒಂದು ತಳಿಗೆ ಬೇಕಾದ ಕೆಲಸ ಬೆರಳೆಣಿಕೆಯ ನಿಮಿಷಗಳದು. ಆದರೆ ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಭತ್ತದ ಬೀಜ ಬಹಳ ಕಾಲ ಜೀವ ಹಿಡಿದಿರುವುದಿಲ್ಲ. ಕಾಲಕಾಲಕ್ಕೆ ಬಿತ್ತಿ ಹೊಸ ಬೀಜ ಮಾಡಿಕೊಳ್ಳದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು. ಡಬ್ಬಿಯೊಳಗೆ ಮುಷ್ಟಿ ಬೀಜ ಕಾಯುತ್ತಿದೆ ಎಂಬ ಅರಿವು ಇರುವವರಿಗೆ ಈ ಸಲ ಬೇಡ, ಬರುವ ವರ್ಷ ನೋಡೋಣ ಎನ್ನಲು ಬಾಯಿ ಬಾರದು. ಅವರ ಶ್ರದ್ಧೆ ದೊಡ್ಡದು. ಆ ಶ್ರದ್ಧೆಗೆ ವಾಯಿದೆ ಹಾಕಿದ್ದು ಬೀಜ.

ಹಳೆಯದರ ಮಾತೇ ಆಯಿತು, ಹೊಸ ರೂಢಿಗಳು ಹುಟ್ಟುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ನಿಮ್ಮ ಅಡುಗೆಮನೆಯಲ್ಲೇ ಒಂದು ಹುಟ್ಟಿದೆ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ, ತೊಳೆದು, ಕಿಟಕಿಯ ಬಳಿ ಒಣಗಲು ಸಿಕ್ಕಿಸುವ ಕೆಲಸ. ಹತ್ತು ವರ್ಷಗಳ ಹಿಂದೆ ಅದನ್ನು ಒಲೆಗೋ ಗುಡ್ಡೆಗೋ ಎಸೆಯುತ್ತಿದ್ದ ಮನೆಗಳೇ ಈಗ ಚೀಲದಲ್ಲಿ ಕೂಡಿಡುತ್ತವೆ. ಪರಿಸರದ ಬಗ್ಗೆ ನಾವು ಮಾಡಿದ ಭಾಷಣಗಳಿಂದ ಇದಾಯಿತೆಂದು ನಾನು ನಂಬುವುದಿಲ್ಲ. ನಾನೂ ಹಲವು ಭಾಷಣ ಮಾಡಿದವನೇ. ತಿಂಗಳಿಗೊಮ್ಮೆ, ಮನೆಮನೆಯ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮಸೇನೆಯ ಹೆಂಗಸರು ಗೇಟಿನ ಬಳಿ ಬಂದು ನಿಲ್ಲುತ್ತಾರೆ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿಯುತ್ತಾರೆ, ಚೀಲ ಬಿಚ್ಚಿ ನೋಡುತ್ತಾರೆ. ವಾಸನೆ ಹೊಡೆಯುವ ಪ್ಲಾಸ್ಟಿಕ್ ಕೊಟ್ಟರೆ ಅವರ ಮುಖ ನೋಡಿ ನಮಗೇ ನಾಚಿಕೆ. ತಿಂಗಳ ಶುಲ್ಕದ ಐವತ್ತು ರೂಪಾಯಿಗೆ ಗೊಣಗಿದವರೂ ಪ್ಯಾಕೆಟ್ಟು ತೊಳೆಯುವುದನ್ನು ಬಿಟ್ಟಿಲ್ಲ.

ಆ ಸೇನೆಯ ಹಿಂದಿರುವುದು ಕುಟುಂಬಶ್ರೀ. 1998ರ ಮೇ 17ರಂದು ಮಲಪ್ಪುರದಲ್ಲಿ ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದ ಯೋಜನೆ. ಹತ್ತಿಪ್ಪತ್ತು ಮನೆಗಳ ಹೆಂಗಸರ ಒಂದೊಂದು ಅಯಲ್ಕೂಟ, ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸಭೆ, ಕೈಲಾದಷ್ಟು ಉಳಿತಾಯ, ಪುಸ್ತಕದಲ್ಲಿ ಲೆಕ್ಕ. ನಮ್ಮ ಕಡೆಯ ಕೂಟಗಳಲ್ಲಿ ತುಳು, ಕನ್ನಡ, ಮಲಯಾಳ, ಮರಾಟಿ ಎಲ್ಲ ಬೆರೆತೇ ನಡೆಯುತ್ತದೆ. ಗಂಡಸರು ಮೊದಮೊದಲು ಇದನ್ನು ಹರಟೆಯ ಕೂಟವೆಂದು ಲೇವಡಿ ಮಾಡಿದರು. ಹರಟೆಯೂ ಇತ್ತು, ಇರಬೇಕು ಕೂಡ. ಹಣ ಕಟ್ಟಲು ಮಾತ್ರ ಸೇರುವ ಸಭೆಗೆ ಎರಡನೆಯ ತಿಂಗಳಿಗೇ ಯಾರೂ ಬರುವುದಿಲ್ಲ.

ಒಂದು ಅಹಿತಕರ ಮಾತನ್ನೂ ಹೇಳಬೇಕು. ರೂಢಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಇದೇ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಗೇರು ಹೂ ಬಿಡುವ ಕಾಲ ಬಂದರೆ ಹೆಲಿಕಾಪ್ಟರ್ ಬರುವುದೂ ಊರಿನ ಋತುಗಳಲ್ಲಿ ಒಂದಾಗಿತ್ತು. ಶಾಲೆಯ ಮಕ್ಕಳು ಅಂಗಳಕ್ಕೆ ಓಡಿ ಬಂದು ನೋಡುತ್ತಿದ್ದರು. ಎಣ್ಮಕಜೆಯಲ್ಲಿ, ಪಡ್ರೆಯಲ್ಲಿ ಜನರ ಆರೋಗ್ಯಕ್ಕೆ ಆದದ್ದೇನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಅದು ನಡೆದದ್ದಕ್ಕೆ ಕಾರಣ ಹಲವು. ಪ್ರತಿವರ್ಷದ ಕಾರ್ಯಕ್ರಮ, ಈ ಸಲವೂ ನಡೆಯಲಿ ಎಂಬ ಕಡತದ ರೂಢಿಯೂ ಅದರಲ್ಲೊಂದು. ಪ್ರಶ್ನೆ ಎತ್ತಿದವರು ಯಾರು? ವಾಣೀನಗರದಲ್ಲಿ ಕುಳಿತು ದಿನಾ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. ಒಂದು ಸಣ್ಣ ಊರಿನಲ್ಲಿ ಇಂಥ ಕಾಯಿಲೆಗಳು ಇಷ್ಟೊಂದು ಯಾಕೆ ಎಂಬ ಅನುಮಾನ ಅವರಿಗೆ ಬಂದದ್ದು ದಿನನಿತ್ಯದ ಕೆಲಸದ ನಡುವೆಯೇ. ಆ ಕಡತದ ರೂಢಿಯನ್ನು ನಿಲ್ಲಿಸಲು ಮೊದಲು ಕೈ ಹಾಕಿದ್ದು ಒಬ್ಬ ಹಳ್ಳಿ ವೈದ್ಯರ ದಿನಚರಿ ಎಂದರೆ ತಪ್ಪಾಗದು.

ಬರೆದಿಡುವ ರೂಢಿಯ ಬಗ್ಗೆ ಇನ್ನೊಂದು ಮಾತು. ನೆರೆಯ ಸುಳ್ಯ ತಾಲೂಕಿನ ಬಾಳಿಲದಲ್ಲಿ ಕೃಷಿಕರೊಬ್ಬರು 1976ರಿಂದ ತಮ್ಮ ಅಂಗಳದಲ್ಲಿ ಬಿದ್ದ ಮಳೆಯನ್ನು ಅಳೆದು ಬರೆದಿಡುತ್ತ ಬಂದಿದ್ದಾರೆ. ಒಂದು ಪಾತ್ರೆ, ಒಂದು ಅಳತೆಯ ಕೊಳವೆ, ಒಂದು ಪುಸ್ತಕ. ಇದಕ್ಕಿಂತ ಸಣ್ಣ ಕೆಲಸ ಯಾವುದಿದೆ? ಈಗ ಹವಾಮಾನ ಬದಲಾಯಿತು ಎಂದು ಎಲ್ಲರೂ ಮಾತಾಡುವಾಗ, ಬದಲಾದದ್ದೆಷ್ಟು ಎಂದು ಹೇಳಬಲ್ಲ ಪುಸ್ತಕ ಆ ಮನೆಯಲ್ಲಿದೆ.

ಕಾಸರಗೋಡಿನಲ್ಲಿ ಕನ್ನಡದ ಸಭೆ ಸೇರಿ ಇಬ್ಬರು ಕವಿಗಳ ಹೆಸರೆತ್ತದೆ ಎದ್ದರೆ ಉಪನ್ಯಾಸ ಪೂರ್ತಿಯಾಯಿತೆಂದು ಯಾರೂ ಒಪ್ಪುವುದಿಲ್ಲ, ಗೊತ್ತಿದೆ. ಮಂಜೇಶ್ವರದ ಗೋವಿಂದ ಪೈಗಳು ಶತಮಾನಗಳಿಂದ ನಡೆದುಬಂದ ಪ್ರಾಸದ ಕಟ್ಟನ್ನು 1911ರಲ್ಲಿ ಬಿಟ್ಟು ಬರೆಯಹೊರಟರು. ಹಳೆಯ ರೂಢಿಯೊಂದನ್ನು ಬಿಡುವುದು ಎಷ್ಟು ಕಷ್ಟವೆಂದು ಆಗಿನ ವಿರೋಧವೇ ಹೇಳುತ್ತದೆ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಹಗಲು ಶಾಲೆಯಲ್ಲಿ ಪಾಠ ಹೇಳಿ, ಹೊತ್ತು ಸಿಕ್ಕಾಗ ತೋಟದಲ್ಲಿ ಮಣ್ಣು ಮುಟ್ಟಿ, ನಡುವೆ ಬರೆದು ನೂರು ವರ್ಷ ತುಂಬಿಸಿದವರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'. 1956ರ ನವೆಂಬರಿನಲ್ಲಿ ಈ ನೆಲ ಕೇರಳಕ್ಕೆ ಸೇರಿದ್ದರ ನೋವನ್ನು ಅವರಷ್ಟು ಗಟ್ಟಿಯಾಗಿ ಹೇಳಿದವರಿಲ್ಲ. ಅವರ ಭಾಷಣಗಳನ್ನು ನಾವು ನೆನೆಯುತ್ತೇವೆ. ಆದರೆ ಅವರು ತಲೆಮಾರುಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ದಿನಗಳೇ ಭಾಷಣದ ದಿನಗಳಿಗಿಂತ ಎಷ್ಟೋ ಪಾಲು ಹೆಚ್ಚು.

ಅಲ್ಲಿಂದ ನನ್ನ ಕೊನೆಯ ವಿಷಯಕ್ಕೆ ಬರುತ್ತೇನೆ. ಕನ್ನಡ ಉಳಿಯಬೇಕೆಂದು ನಾವು ಧರಣಿ ಕೂರುತ್ತೇವೆ, ಮನವಿ ಕೊಡುತ್ತೇವೆ. ಕೂರಬೇಕು, ಕೊಡಬೇಕು. ಆದರೆ ಮರುದಿನ ಗ್ರಾಮ ಪಂಚಾಯತಿಗೋ ವಿಲೇಜ್ ಆಫೀಸಿಗೋ ಹೋದಾಗ ಅರ್ಜಿ ಯಾವ ಭಾಷೆಯಲ್ಲಿ ಬರೆಯುತ್ತೇವೆ? ಕನ್ನಡದಲ್ಲಿ ಅರ್ಜಿ ಬರೆಯುವ ಅವಕಾಶವನ್ನು ಕೇರಳದ ಅಧಿಕೃತ ಭಾಷೆಯ ಕಾನೂನೇ ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ನಾವು ಅದನ್ನು ಬಳಸುವುದು ಅಪರೂಪ. ಕಚೇರಿಗೆ ಕನ್ನಡದ ಅರ್ಜಿಯೇ ಬಾರದಿದ್ದರೆ ಕನ್ನಡ ಬಲ್ಲ ಗುಮಾಸ್ತರು ಅಲ್ಲಿ ಬೇಕೆಂದು ಹೇಳಲು ನಮ್ಮ ಕೈಯಲ್ಲಿ ಯಾವ ಲೆಕ್ಕವಿದೆ? ಹುದ್ದೆ ಖಾಲಿಯಾದಾಗ ಅದನ್ನು ತುಂಬಬೇಕಾದವರು ಕಡತ ತೆರೆದು ನೋಡುತ್ತಾರೆ, ನಮ್ಮ ಮನಸ್ಸನ್ನಲ್ಲ.

ಕನ್ನಡದಲ್ಲಿ ಕೊಟ್ಟರೆ ತಡವಾಗುತ್ತದೆ ಎನ್ನುವಿರಿ. ತಡವಾಗುತ್ತದೆ, ಸುಳ್ಳಲ್ಲ. ಅದಕ್ಕಾಗಿ ಆಸ್ಪತ್ರೆಯ ತುರ್ತಿಗೆ, ಮಕ್ಕಳ ಪ್ರವೇಶಕ್ಕೆ ಬೇಕಾದ ಪ್ರಮಾಣಪತ್ರವನ್ನು ಯಾವ ಭಾಷೆಯಲ್ಲಿ ಬೇಗ ಸಿಗುವುದೋ ಆ ಭಾಷೆಯಲ್ಲೇ ಕೇಳಿ. ಹಟ ಹಿಡಿದು ಕಷ್ಟಪಡುವುದು ಬೇಡ. ಹಟದಲ್ಲಿ ಶುರುವಾದದ್ದು ಹೆಚ್ಚು ದಿನ ನಡೆಯುವುದೂ ಇಲ್ಲ. ಆದರೆ ಅವಸರವಿಲ್ಲದ ಕೆಲಸಗಳೂ ಇವೆಯಲ್ಲ? ದಾರಿದೀಪ ಉರಿಯುವುದಿಲ್ಲ, ಮೋರಿ ಕಟ್ಟಿದೆ, ಕಿಂಡಿ ಅಣೆಕಟ್ಟಿಗೆ ಹಲಗೆ ಬಂದಿಲ್ಲ. ಕೇರಳದಲ್ಲಿ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಲೇಬೇಕೆಂದು ಪಂಚಾಯತ್ ಕಾನೂನು ಹೇಳುತ್ತದೆ. ನೋಟೀಸು ಮನೆಗೆ ಬಂದ ದಿನ ಮನೆಯಿಂದ ಒಂದು ಅರ್ಜಿ, ಕನ್ನಡದಲ್ಲಿ, ಅರ್ಧ ಪುಟ. ಬರೆಯುವುದು ಹತ್ತನೇ ತರಗತಿಯ ಮಗಳಾದರೆ ಇನ್ನೂ ಒಳ್ಳೆಯದು. ಪರೀಕ್ಷೆಯ ಪತ್ರಲೇಖನಕ್ಕಿಂತ ಇದರಲ್ಲಿ ಅವಳಿಗೆ ರುಚಿ ಹತ್ತೀತು, ಯಾಕೆಂದರೆ ಇದಕ್ಕೆ ಉತ್ತರ ಬರಬೇಕು. ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ. ಉತ್ತರ ಮಲಯಾಳದಲ್ಲಿ ಬಂದರೆ ಸಿಟ್ಟಾಗಬೇಡಿ, ಕನ್ನಡದಲ್ಲಿ ಕೊಡಿ ಎಂದು ಅದರ ಕೆಳಗೇ ಎರಡು ಸಾಲು ಬರೆದು ಹಿಂದಕ್ಕೆ ಕೊಡಿ. ವಾರ್ಡಿನಲ್ಲಿ ಹತ್ತು ಮನೆಯವರು ಹೀಗೆ ಮಾಡುವುದಾದರೆ ಒಂದೇ ದಿನ ಒಟ್ಟಿಗೆ ಹೋಗಿ. ಒಬ್ಬರು ಹೊರಟರೆ ಉಳಿದವರಿಗೆ ಮನೆಯಲ್ಲಿ ಕೂರಲು ಸಂಕೋಚವಾಗಲಿ.

ಪ್ರಶ್ನೆಗಳಿಗೆ ಹದಿನೈದು ನಿಮಿಷ ಇಟ್ಟಿದ್ದೇವೆ ಎಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಅರ್ಜಿಯ ನಮೂನೆಯನ್ನು ಕನ್ನಡದಲ್ಲಿ ಬರೆದು ಒಂದಿಷ್ಟು ಪ್ರತಿ ಮಾಡಿಸಿ ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲಿವೆ, ಚಹಾಕ್ಕೆ ಹೋಗುವಾಗ ತೆಗೆದುಕೊಳ್ಳಿ.